ಭೋರ್ ಘಾಟ್ ಟೆಂಡರ್: ರೇಟು ಕೋಟ್ ಮಾಡಿದ್ದು ಯಾರು, ಬೆಲೆ ತೆತ್ತಿದ್ದು ಯಾರು?

ಈ ಸಲದ ಮಾತು ರೈಲ್ವೆ ಟೆಂಡರ್ ಬಗ್ಗೆ. ಈಗಿನದಲ್ಲ, 1850ರ ದಶಕದ್ದು. ವಿಡಿಯೋದಲ್ಲಿ ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ತಿದ್ದಿ, ಅಲ್ಲಿ ಅವಸರದಲ್ಲಿ ಹಾರಿಸಿದ್ದನ್ನು ಸೇರಿಸಿ ಬರೆದಿದ್ದೇನೆ.

ಮುಂಬೈಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗೋರಿಗೆ, ವಾರಾಂತ್ಯಕ್ಕೆ ಪುಣೆ–ಮುಂಬೈ ಓಡಾಡೋರಿಗೆ ಕರ್ಜತ್ ಸ್ಟೇಷನ್ ಚೆನ್ನಾಗಿ ಗೊತ್ತು. ನಾವು ಕಿಟಕಿಯಲ್ಲಿ ವಡಾಪಾವ್ ಕೊಳ್ಳೋ ಹೊತ್ತಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ಬಂದು ಗಾಡಿಗೆ ಸೇರ್ತವೆ. ಅವು ತಳ್ಳದಿದ್ರೆ ಗಾಡಿ ಘಾಟಿ ಹತ್ತಲ್ಲ. ಅಲ್ಲಿಂದ ಲೋಣಾವಳದವರೆಗೆ ಸುರಂಗ, ಕಮಾನು ಸೇತುವೆ, ಮತ್ತೆ ಸುರಂಗ. ಇದೇ ಭೋರ್ ಘಾಟ್. ಈ ಹಾದಿಯನ್ನು ಕಟ್ಟಿದ್ದು ಬ್ರಿಟಿಷರು ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಬ್ರಿಟಿಷರಲ್ಲಿ ಯಾರು? ಸರ್ಕಾರವಾ, ಕಂಪನಿಯಾ, ಕಂಟ್ರಾಕ್ಟರಾ? ಇದನ್ನು ಬಿಡಿಸಿ ನೋಡಿದ್ರೆ, ನಾವು ಆಫೀಸಲ್ಲಿ ಫಿಕ್ಸೆಡ್ ಬಿಡ್ ಪ್ರಾಜೆಕ್ಟ್ ಅಂತೀವಲ್ಲ, ಅದರ ಹಳೆಯ ಅವತಾರ ಒಂದು ಎದುರಿಗೆ ಬರುತ್ತೆ. ಅಲ್ಲಿ ಡೆಡ್‌ಲೈನ್ ತಪ್ಪಿದ್ದಕ್ಕಿಂತ ದೊಡ್ಡ ವಿಷಯಗಳಾದವು. ಕೂಲಿ ಸಿಗದೆ ಜನ ದಂಗೆ ಎದ್ದರು. ಕಾಲರಾದಲ್ಲಿ ಸತ್ತರು. ಕೆಲಸ ಮುಗಿದು ನಾಲ್ಕೇ ವರ್ಷಕ್ಕೆ ಒಂದು ಸೇತುವೆ ಕುಸಿದುಬಿತ್ತು.

ಮೊದಲು ದುಡ್ಡು ಯಾರದ್ದು ಅನ್ನೋದು. ಹಾದಿ ಕಟ್ಟಿಸಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಅಂದ್ರೆ ಜಿಐಪಿ. ಲಂಡನ್ನಿನ ಖಾಸಗಿ ಕಂಪನಿ. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಜೊತೆ ಒಪ್ಪಂದ ಆಯ್ತು. ಜಾಗ ಪುಕ್ಕಟೆ. ಶೇರುದಾರರು ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇಕಡ 5 ಬಡ್ಡಿ ಗ್ಯಾರಂಟಿ. ರೈಲು ಅಷ್ಟು ದುಡಿದ್ರೆ ಸರಿ, ದುಡಿಯದಿದ್ರೆ ಕೊರತೆ ಬಿದ್ದದ್ದನ್ನು ಭಾರತದ ಖಜಾನೆಯಿಂದ ತುಂಬಿಕೊಡೋದು. ಖಜಾನೆಗೆ ದುಡ್ಡು ಎಲ್ಲಿಂದ ಬರ್ತಿತ್ತು? ಬಹುಪಾಲು ರೈತರ ಕಂದಾಯದಿಂದ.

ಹೆಸರಿಗೆ ಖಾಸಗಿಯಾದರೂ ಹಾದಿ ಎಲ್ಲಿ ಹೋಗಬೇಕು, ಹಳಿ ಎಷ್ಟು ಅಗಲ ಇರಬೇಕು, ಯಾವ ಖರ್ಚಿಗೆ ಒಪ್ಪಿಗೆ ಅನ್ನೋದನ್ನೆಲ್ಲ ಸರ್ಕಾರದ ಕನ್ಸಲ್ಟಿಂಗ್ ಎಂಜಿನಿಯರ್ ನೋಡ್ತಿದ್ದ. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಸರ್ಕಾರಿ ಕಾಮಗಾರಿಯೇ. ನಷ್ಟ ಹೊರುವವನೇ ಮಾಲೀಕ ತಾನೆ? ಡಾಲ್‌ಹೌಸಿ ಕಾಲದಲ್ಲಿ ಮೈಲಿಗೆ ಸುಮಾರು 8,000 ಪೌಂಡ್ ಸಾಕು ಅಂದುಕೊಂಡಿದ್ದರು. 1860ರ ದಶಕದ ಕೊನೆಗೆ ಗ್ಯಾರಂಟಿ ಲೈನುಗಳ ಸರಾಸರಿ ಖರ್ಚು ಅದರ ಎರಡು ಪಟ್ಟು ದಾಟಿತ್ತು. ಭಾರತ ಸರ್ಕಾರದಲ್ಲಿ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಲಂಡನ್ನಿನ ಸಂಸದೀಯ ಸಮಿತಿ ಮುಂದೆ ಇದನ್ನು ಬಿಚ್ಚಿ ಹೇಳಿದ: 5 ಪರ್ಸೆಂಟ್ ಬರೋದು ಖಾತ್ರಿ ಇರುವಾಗ, ತನ್ನ ದುಡ್ಡು ಇಟ್ಟಿಗೆ ಗಾರೆಯಾಯ್ತೋ ಹೂಗ್ಲಿ ನದಿಗೆ ಬಿತ್ತೋ ಅನ್ನೋ ಚಿಂತೆ ಹೂಡಿಕೆದಾರನಿಗೆ ಇರಲಿಲ್ಲ ಅಂತ.

ಅಂದ್ರೆ ಶೇರುದಾರನಿಗೆ ರಿಸ್ಕ್ ಇಲ್ಲ. ಹಾಗಾದ್ರೆ ಕಟ್ಟೋ ಕೆಲಸದ ರಿಸ್ಕ್ ಯಾರ ತಲೆ ಮೇಲೆ? ಅಲ್ಲೇ ಕಂಟ್ರಾಕ್ಟರ್ ಬರ್ತಾನೆ.

ಪದ್ಧತಿ ಇಂಗ್ಲೆಂಡಿಂದ ಹಾಗೇ ಎತ್ತಿ ತಂದದ್ದು. ಕಂಪನಿಯ ಎಂಜಿನಿಯರ್ ಸರ್ವೆ ಮಾಡಿ, ನಕ್ಷೆ ಬರೆದು, ಎಷ್ಟು ಮಣ್ಣು, ಎಷ್ಟು ಬಂಡೆ, ಎಷ್ಟು ಕಲ್ಲುಗಾರೆ ಅಂತ ಅಂದಾಜು ಪಟ್ಟಿ ಮಾಡ್ತಾನೆ. ಅದನ್ನು ನೋಡಿ ಕಂಟ್ರಾಕ್ಟರುಗಳು ರೇಟು ಹಾಕ್ತಾರೆ. ಹಳಿ, ಸೇತುವೆಯ ಕಬ್ಬಿಣ, ಎಂಜಿನ್ ಇವೆಲ್ಲ ಇಂಗ್ಲೆಂಡಿಂದ ಕಂಪನಿಯೇ ತರಿಸೋದು. ಏರಿ, ಗುಡ್ಡ ಕಡಿಯೋದು, ಸುರಂಗ, ಕಲ್ಲಿನ ಕೆಲಸ, ಹಳಿ ಹಾಸೋದು ಕಂಟ್ರಾಕ್ಟರನ ಪಾಲು. ಆದಷ್ಟು ಕೆಲಸವನ್ನು ಎಂಜಿನಿಯರ್ ಅಳೆದು ಸಹಿ ಹಾಕಿದ ಮೇಲೆ ದುಡ್ಡು. ಮೈಲ್‌ಸ್ಟೋನ್ ಬಿಲ್ಲಿಂಗ್ ಅಂತೀವಲ್ಲ, ಅದೇ. ನಮ್ಮಲ್ಲಿ ಅದು ಬರೀ ಪದ ಆಗಿದೆ, ಅಲ್ಲಿ ನಿಜವಾಗಿಯೂ ಮೈಲಿಯಲ್ಲೇ ಲೆಕ್ಕ.

ಬಾಂಬೆಯಿಂದ ಠಾಣೆವರೆಗಿನ ಮೊದಲ 21 ಮೈಲಿ ಕೆಲಸ ಫೇವಿಯೆಲ್ ಮತ್ತು ಫೌಲರ್ ಅನ್ನೋ ಇಬ್ಬರು ಇಂಗ್ಲಿಷರಿಗೆ ಸಿಕ್ಕಿತು. ಫೌಲರ್ ಆರೋಗ್ಯ ಕೆಟ್ಟು ಬೇಗ ವಾಪಸ್ ಹೋದ. ವಿಲಿಯಂ ಫ್ರೆಡರಿಕ್ ಫೇವಿಯೆಲ್ ಉಳಿದುಕೊಂಡು ಮುಗಿಸಿದ. 1853ರ ಏಪ್ರಿಲ್ 16ಕ್ಕೆ ಓಡಿದ ಮೊದಲ ಪ್ರಯಾಣಿಕರ ರೈಲು ಇದೇ ಹಾದಿಯದ್ದು, ಆ ಕಥೆ ನಿಮಗೆಲ್ಲ ಗೊತ್ತೇ ಇದೆ.

ಟೆಂಡರ್ ಎಲ್ಲ ಬಿಳಿಯರಿಗೇ ಹೋಯ್ತು ಅಂತೇನೂ ಅಲ್ಲ. ಜಮ್‌ಶೆಟ್ಜಿ ದೊರಾಬ್ಜಿ ಅನ್ನೋ ಪಾರ್ಸಿ ಕಂಟ್ರಾಕ್ಟರ್ ಯುರೋಪಿಯನ್ನರ ಎದುರು ಸ್ಪರ್ಧಿಸಿ ಜಿಐಪಿಯ ಒಂದಕ್ಕಿಂತ ಹೆಚ್ಚು ಕೆಲಸ ಹಿಡಿದ, ಒಪ್ಪುವಂತೆ ಮುಗಿಸಿಯೂ ಕೊಟ್ಟ. ಕಂಪನಿಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್‌ಲಿಗೆ ಅವನ ಕೆಲಸದ ಮೇಲೆ ಒಳ್ಳೆ ಅಭಿಪ್ರಾಯ ಇತ್ತು. ಅವನ ಬಲ ಏನು ಅಂತ ಊಹಿಸೋದು ಕಷ್ಟ ಅಲ್ಲ. ಇಲ್ಲಿಯವನು, ಜನರನ್ನು ಸೇರಿಸೋದು ಗೊತ್ತು, ಅವರ ಭಾಷೆ ಗೊತ್ತು. ಇಂಗ್ಲೆಂಡಿಂದ ಬಂದವನಿಗೆ ಪ್ರತಿಯೊಂದಕ್ಕೂ ನಡುವೆ ಒಬ್ಬ ಬೇಕು. ಈ ‘ನಡುವೆ ಒಬ್ಬ’ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಈಗ ಘಾಟಿಗೆ ಬರೋಣ. 1855ರಲ್ಲಿ ಇಡೀ ಭೋರ್ ಘಾಟ್ ಕೆಲಸ ಫೇವಿಯೆಲ್‌ಗೇ ಸಿಕ್ಕಿತು, 1856ರ ಜನವರಿಯಲ್ಲಿ ಶುರು. ಐದು ವರ್ಷದ ಗಡುವು. ಸುಮಾರು 16 ಮೈಲಿಯಲ್ಲಿ 1,831 ಅಡಿ ಮೇಲೇರಬೇಕು. ಕೆಲವು ಕಡೆ 37 ಅಡಿ ಮುಂದೆ ಹೋದರೆ 1 ಅಡಿ ಏರು. ರೈಲಿಗೆ ಅದು ಗೋಡೆ ಇದ್ದ ಹಾಗೆ. ಕೊನೆಗೆ ಲೆಕ್ಕ ಹಾಕಿದಾಗ ಸುರಂಗಗಳು 25, ದೊಡ್ಡ ಕಮಾನು ಸೇತುವೆಗಳು 8. ಒಂದು ಕಡೆ ತಿರುವಿಗೂ ಜಾಗ ಸಿಗದೆ ರಿವರ್ಸಿಂಗ್ ಸ್ಟೇಷನ್ ಮಾಡಿದರು. ಗಾಡಿ ಒಂದು ಚಾಚಿನ ತುದಿಗೆ ಹೋಗಿ ನಿಂತು, ಎಂಜಿನ್ ಇನ್ನೊಂದು ತುದಿಗೆ ಬಂದು, ಹಿಮ್ಮುಖವಾಗಿ ಮುಂದಕ್ಕೆ ಹತ್ತೋದು. ಮುಂದೆ ಹಾದಿ ಬದಲಾಯಿಸಿದಾಗ ಅದನ್ನು ಕೈಬಿಟ್ಟರು.

ಒಬ್ಬ ಕಂಟ್ರಾಕ್ಟರ್ ಕೂತು ಇದಕ್ಕೆ ರೇಟು ಹಾಕೋದನ್ನು ಯೋಚಿಸಿ. ಬಂಡೆ ದಖ್ಖನ್ನಿನ ಕಪ್ಪು ಕಲ್ಲು, ಬಸಾಲ್ಟ್. ಡೈನಮೈಟ್ ಇನ್ನೂ ಬಂದಿಲ್ಲ. ನೊಬೆಲ್ ಪೇಟೆಂಟ್ ತಗೊಂಡದ್ದು 1867ರಲ್ಲಿ. ಯಂತ್ರದ ಡ್ರಿಲ್ಲೂ ಇಲ್ಲ. ಕೈಯಲ್ಲಿ ಸುತ್ತಿಗೆ, ಉಕ್ಕಿನ ಸಲಾಕೆ, ಕುಳಿ ಹೊಡೆದು ಸಿಡಿಮದ್ದು ತುಂಬೋದು. ಸಾಮಾನ್ಯವಾಗಿ ಉದ್ದದ ಸುರಂಗಕ್ಕೆ ಗುಡ್ಡದ ನೆತ್ತಿಯಿಂದ ಬಾವಿ ತೋಡಿ ಇಳಿದು ನಡುವೆಯೂ ಕೆಲಸ ಶುರು ಮಾಡ್ತಾರೆ, ಬೇಗ ಮುಗಿಯಲಿ ಅಂತ. ಇಲ್ಲಿನ ಕಡಿದಾದ ಬೆಟ್ಟದಲ್ಲಿ ಬಹಳ ಕಡೆ ಅದಕ್ಕೂ ದಾರಿ ಇಲ್ಲ, ಎರಡು ಬಾಯಿಂದಲೇ ಕೊರೆಯಬೇಕು. ಸುರಂಗದ ಬಾಯಿಯಲ್ಲಿ ಒಂದು ಹೊತ್ತಿಗೆ ನಿಲ್ಲೋಕೆ ಆಗೋದು ಕೆಲವೇ ಜನ. ಇನ್ನೂ ಸಾವಿರ ಜನ ತಂದರೂ ಆ ಸುರಂಗ ಬೇಗ ಮುಗಿಯಲ್ಲ. ಪ್ರಾಜೆಕ್ಟ್ ಲೇಟಾದಾಗ ‘ಇನ್ನೂ ನಾಲ್ಕು ರಿಸೋರ್ಸ್ ಹಾಕಿ’ ಅನ್ನೋ ಮ್ಯಾನೇಜರ್‌ಗಳಿಗೆ ಈ ಸುರಂಗ ತೋರಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಕೆಲವು ಕಡೆ ನಿಲ್ಲೋಕೆ ಚಾಚೇ ಇರಲಿಲ್ಲ, ಆಳುಗಳನ್ನು ಹಗ್ಗ ಕಟ್ಟಿ ಇಳಿಬಿಟ್ಟು ಮೊದಲ ಕುಳಿಗಳನ್ನು ಹೊಡೆಸಿದರು.

ಇನ್ನು ಮಳೆ. ಜೂನಿಂದ ಸೆಪ್ಟೆಂಬರ್‌ವರೆಗೆ ಖಂಡಾಲದ ಮಳೆ ಹೇಗಿರುತ್ತೆ ಅಂತ ಪುಣೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನ ಕೆಲಸ ನಿಂತೇ ಹೋಗುತ್ತೆ, ಜನ ಊರಿಗೆ ಹೊರಟುಹೋಗ್ತಾರೆ, ಮಳೆ ಮುಗಿದ ಮೇಲೆ ಮತ್ತೆ ಮೊದಲಿಂದ ಕರೆತರಬೇಕು. ಸುತ್ತಮುತ್ತಲ ಹಳ್ಳಿಗಳ ಜನರಷ್ಟೇ ಸಾಲಲ್ಲ, ದೂರದಿಂದ ಕರೆಸಬೇಕು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಕುಡಿಯೋ ನೀರಿಗೂ ತತ್ವಾರ. ಕಾಲರಾ ಬಂದ್ರೆ ಒಂದೇ ರಾತ್ರಿಗೆ ಕ್ಯಾಂಪ್ ಖಾಲಿ. ಸಾಲದ್ದಕ್ಕೆ ಆ ವರ್ಷಗಳಲ್ಲಿ ಬಾಂಬೆ ಸೀಮೆಯಲ್ಲಿ ಧಾನ್ಯದ ಬೆಲೆ, ಕೂಲಿ ಎರಡೂ ಏರ್ತಾ ಇದ್ದವು. ಇದರಲ್ಲಿ ಯಾವುದನ್ನು ನಕ್ಷೆಯಲ್ಲಿ ತೋರಿಸೋಕಾಗುತ್ತೆ? ಬಂಡೆ ಎಷ್ಟು ಗಟ್ಟಿ ಅನ್ನೋದು ಕೊರೆದ ಮೇಲೆ ತಾನೆ ಗೊತ್ತಾಗೋದು. ಸರಿಯಾಗಿ ಬೆಲೆ ಕಟ್ಟೋಕೆ ಸಾಧ್ಯವೇ ಇಲ್ಲದ ಕೆಲಸಕ್ಕೆ ಒಂದು ಬೆಲೆ ಬರೆಸಿ ಸಹಿ ಹಾಕಿಸಿಕೊಂಡರು. ಕಾಗದದ ಮೇಲೆ ರಿಸ್ಕ್ ಕಂಪನಿಯಿಂದ ಕಂಟ್ರಾಕ್ಟರ್‌ಗೆ ದಾಟಿತು.

ಕಂಟ್ರಾಕ್ಟರ್ ಅದನ್ನು ಇಟ್ಟುಕೊಳ್ಳಲಿಲ್ಲ. ಫೇವಿಯೆಲ್ ಹಾದಿಯನ್ನು ತುಂಡು ಮಾಡಿ ಸಬ್ ಕಂಟ್ರಾಕ್ಟರುಗಳಿಗೆ ಕೊಟ್ಟ. ಅವರ ಕೆಳಗೆ ಮುಕಾದಮ್‌ಗಳು. ನಮ್ಮ ಕಡೆ ಮೇಸ್ತ್ರಿ ಅಂತೀವಲ್ಲ, ಅವರು. ಮುಕಾದಮ್ ತನ್ನ ಊರು ಕಡೆಯಿಂದ ಐವತ್ತೋ ನೂರೋ ಜನರನ್ನು ಮುಂಗಡ ಕೊಟ್ಟು ಕರೆತರ್ತಾನೆ, ಮುಂಗಡ ಕೂಲಿಯಲ್ಲಿ ಮುರಿದುಕೊಳ್ತಾನೆ. ಆ ಕಾಲದ ಎಂಜಿನಿಯರುಗಳ ಬರಹಗಳಲ್ಲಿ ಮಣ್ಣು, ಕಲ್ಲಿನ ಕೆಲಸದ ನಿಪುಣರು ಅಂತ ಮತ್ತೆ ಮತ್ತೆ ಬರೋ ಹೆಸರು ‘ವಡ್ಡರ್’. ದಖ್ಖನ್ನಿನಲ್ಲೂ ನಮ್ಮ ಸೀಮೆಯಲ್ಲೂ ಕೆರೆ, ಕಾಲುವೆ ತೋಡಿದ ಭೋವಿ ಸಮುದಾಯದವರೇ ಅವರು. ಗಂಡ, ಹೆಂಡತಿ, ಮಕ್ಕಳು ಸಂಸಾರ ಸಮೇತ ಬಂದು, ದಿನಗೂಲಿ ಬೇಡ, ಅಗೆದಷ್ಟಕ್ಕೆ ಅಳೆದು ಕೊಡಿ ಅನ್ನೋರು. ತಮ್ಮ ಕೆಲಸದ ಅಳತೆ ತಮಗೆ ಗೊತ್ತಿದ್ದವರು ಅವರೊಬ್ಬರೇ ಅಂತ ಕಾಣುತ್ತೆ.

ದುಡ್ಡಿನ ಹರಿವು ನೋಡಿ. ಅಳತೆ ಆದ ಮೇಲೆ ಕಂಪನಿ ಕಂಟ್ರಾಕ್ಟರ್‌ಗೆ, ಅವನು ಸಬ್ ಕಂಟ್ರಾಕ್ಟರ್‌ಗೆ, ಅವನು ಮುಕಾದಮ್‌ಗೆ, ಅವನು ಕೂಲಿಯವನಿಗೆ. ಬಂಡೆ ಗಟ್ಟಿಯಾಗಿ ಕೆಲಸ ನಿಧಾನವಾದರೆ ಅಳತೆ ಕಡಿಮೆ, ಬಿಲ್ ಕಡಿಮೆ. ಆದರೆ ಅಷ್ಟೇ ಜನ ಅಷ್ಟೇ ದಿನ ದುಡಿದಿದ್ದಾರೆ. ಆ ಕೊರತೆ ಸರಪಳಿಯಲ್ಲಿ ಇಳೀತಾ ಇಳೀತಾ ಕೊನೆಯವನ ಹತ್ತಿರ ಬಂದು ನಿಲ್ಲುತ್ತೆ, ಅವನ ಕೆಳಗೆ ಯಾರೂ ಇಲ್ಲ. ಥರ್ಡ್ ಪಾರ್ಟಿ ಪೇರೋಲ್‌ನಲ್ಲಿ ಕೆಲಸ ಮಾಡಿದವರಿಗೆ, ‘ಕ್ಲೈಂಟಿಂದ ಪೇಮೆಂಟ್ ಬಂದಿಲ್ಲ, ಅದಕ್ಕೇ ಸಂಬಳ ತಡ’ ಅನ್ನೋ ಮಾತು ಕೇಳಿದವರಿಗೆ ಇದು ಅರ್ಥ ಆಗುತ್ತೆ. ಆದರೆ ಹೋಲಿಕೆ ಅಲ್ಲಿಗೇ ಸಾಕು. ನಮಗೆ ಇಎಂಐ ಬೌನ್ಸ್ ಆಗುತ್ತೆ, ಅವರಿಗೆ ಅವತ್ತಿನ ಜೋಳ ಇಲ್ಲ.

1859ರ ಜನವರಿಯಲ್ಲಿ ಇದು ಸಿಡೀತು. ಕೂಲಿ ಬಾಕಿ ಇದ್ದ ಜನ ಕೋಲು ಕಲ್ಲು ಹಿಡಿದು ಯುರೋಪಿಯನ್ ಮೇಲ್ವಿಚಾರಕರ ಮೇಲೆ ಬಿದ್ದರು. 1857ರ ಬಂಡಾಯ ಮುಗಿದು ಇನ್ನೂ ಹೊಗೆ ಆರಿಲ್ಲದ ಕಾಲ, ಸರ್ಕಾರಕ್ಕೆ ಬೆವರಿಳೀತು. ವಿಚಾರಣೆ ನಡೆಸಿದಾಗ ರಾಜದ್ರೋಹ ಏನೂ ಸಿಗಲಿಲ್ಲ. ಸಿಕ್ಕಿದ್ದು ಬಾಕಿ ಕೂಲಿ, ಕಡಿಮೆ ಕೊಟ್ಟ ಕೂಲಿ. ಜನರ ದೂರಿಗೆ ಆಧಾರ ಇದೆ ಅಂತ ಸರ್ಕಾರವೇ ಒಪ್ಪಿಕೊಳ್ಳಬೇಕಾಯ್ತು.

ಇದರ ಬೆನ್ನಿಗೇ 1860ರ 9ನೇ ಕಾಯ್ದೆ ಬಂತು. ರೈಲ್ವೆ ಮತ್ತು ಇತರ ಸಾರ್ವಜನಿಕ ಕಾಮಗಾರಿಗಳಲ್ಲಿ ಕೂಲಿ ತಕರಾರು ಇದ್ದರೆ ಮ್ಯಾಜಿಸ್ಟ್ರೇಟ್ ಕೂಡಲೇ ತೀರ್ಮಾನ ಮಾಡಬಹುದು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಕಡೆಯೂ ಇದೆ: ಒಪ್ಪಿದ ಕೆಲಸ ನಡುವೆ ಬಿಟ್ಟುಹೋದ ಕೂಲಿಯವನನ್ನು ಜೈಲಿಗೆ ಹಾಕಬಹುದಿತ್ತು. ಕೂಲಿ ಕೊಡದ ಮಾಲೀಕನ ಪಾಲಿಗೆ ಅದು ದುಡ್ಡಿನ ವಿಷಯ, ಕೆಲಸ ಬಿಟ್ಟ ಕೂಲಿಯವನ ಪಾಲಿಗೆ ಜೈಲಿನ ವಿಷಯ. ನೋಟಿಸ್ ಪೀರಿಯಡ್, ಬಾಂಡ್ ಅಂತ ಗೊಣಗೋ ನಾವು ಅದೃಷ್ಟವಂತರೇ ಸರಿ.

ಇಷ್ಟೆಲ್ಲ ಆಗಿ 1859ರ ಮಾರ್ಚ್‌ನಲ್ಲಿ ಫೇವಿಯೆಲ್ ಕಂಟ್ರಾಕ್ಟ್ ಬಿಟ್ಟುಕೊಟ್ಟ. ನೋಡಿ, ಅವನು ಬಿಡಬಹುದಿತ್ತು. ಕೆಲವು ತಿಂಗಳು ಕಂಪನಿಯ ಎಂಜಿನಿಯರುಗಳೇ ಕೆಲಸ ಎಳೆದರು. ಆಮೇಲೆ ಸಾಲೊಮನ್ ಟ್ರೆಡ್‌ವೆಲ್ ಅನ್ನೋ ಇನ್ನೊಬ್ಬ ಇಂಗ್ಲಿಷ್ ಕಂಟ್ರಾಕ್ಟರ್ ಒಪ್ಪಿಕೊಂಡು, ಹೆಂಡತಿ ಆಲಿಸ್ ಜೊತೆ ಬಂದಿಳಿದ. ಬಂದ ಕೆಲವೇ ವಾರಗಳಲ್ಲಿ, ಅದೇ ವರ್ಷದ ಕೊನೆಯೊಳಗೆ, ಕಾಯಿಲೆ ಬಿದ್ದು ಸತ್ತುಹೋದ.

ಯಾರಾದರೂ ಆಗಲಿ, ಹಡಗು ಹತ್ತಿ ವಾಪಸ್ ಹೋಗ್ತಿದ್ದರು. ಆಲಿಸ್ ಟ್ರೆಡ್‌ವೆಲ್ ಹೋಗಲಿಲ್ಲ, ಕಂಟ್ರಾಕ್ಟನ್ನು ತನ್ನ ಹೆಸರಲ್ಲಿ ಮುಂದುವರಿಸಿದಳು. ದಿನನಿತ್ಯದ ಕೆಲಸ ನೋಡಿಕೊಳ್ಳೋಕೆ ಆಡಮ್ಸ್ ಮತ್ತು ಕ್ಲೌಸರ್ ಅನ್ನೋ ಇಬ್ಬರನ್ನು ನೇಮಿಸಿದಳು. ಘಾಟಿಯ ಕೆಲಸದ ಫೋಟೋಗಳನ್ನೂ ತೆಗೆದಳು. ಆಗ ಕ್ಯಾಮೆರಾ ಅಂದ್ರೆ ಗಾಜಿನ ಪ್ಲೇಟು, ರಾಸಾಯನಿಕ, ಕತ್ತಲೆ ಡೇರೆ ಎಲ್ಲ ಹೊತ್ತುಕೊಂಡು ಓಡಾಡೋದು. ಅರ್ಧ ಎದ್ದ ಕಮಾನುಗಳು, ಸುರಂಗದ ಬಾಯಿ ಇವೆಲ್ಲ ಇವತ್ತು ನಮಗೆ ಕಾಣೋದು ಆ ಆಲ್ಬಮ್‌ಗಳಿಂದ. 1860ರ ದಶಕದಲ್ಲಿ ಅಷ್ಟು ದೊಡ್ಡ ರೈಲ್ವೆ ಕಾಮಗಾರಿಗೆ ಹೆಂಗಸೊಬ್ಬಳು ಕಂಟ್ರಾಕ್ಟರ್ ಆಗಿದ್ದಳು ಅನ್ನೋದು ನಮ್ಮ ಯಾವ ಶಾಲೆಯ ಪಾಠದಲ್ಲೂ ಬರಲಿಲ್ಲ, ಯಾಕೋ.

ಆಡಮ್ಸ್ ಮತ್ತು ಕ್ಲೌಸರ್ ಕಾಲದಲ್ಲಿ ಕೆಲಸಗಾರರ ಸಂಖ್ಯೆ ಏರಿ 1861ರ ಹೊತ್ತಿಗೆ 42,000 ಆಯ್ತು. ಹದಿನಾರು ಮೈಲಿ ಹಾದಿಯಲ್ಲಿ 42,000 ಜನ! ಹಿಂಜವಡಿಯ ಸಂಜೆ ಟ್ರಾಫಿಕ್ಕನ್ನು ಬೆಟ್ಟದ ಅಂಚಿಗೆ ಏರಿಸಿ, ಕಕ್ಕಸು ನೀರು ಯಾವುದೂ ಕೊಡದೆ ಬಿಟ್ಟ ಹಾಗೆ. ಕಾಲರಾ ಮತ್ತೆ ಮತ್ತೆ ಬಂತು, ಸಾವಿರಗಟ್ಟಲೆ ಜನರನ್ನು ತಗೊಂಡು ಹೋಯ್ತು. ಅಳತೆ ಪುಸ್ತಕದಲ್ಲಿ ಕಡಿದ ಬಂಡೆಗೆ ಘನ ಗಜದ ಲೆಕ್ಕ ಇತ್ತು. ಸತ್ತವರು ಯಾರ ಆಳು ಅಂದ್ರೆ, ಕಂಪನಿಯ ಪ್ರಕಾರ ಕಂಟ್ರಾಕ್ಟರನ ಆಳು, ಕಂಟ್ರಾಕ್ಟರನ ಪ್ರಕಾರ ಮುಕಾದಮನ ಆಳು.

1863ರಲ್ಲಿ ಘಾಟಿ ತೆರೆಯಿತು. ಒಟ್ಟು ಖರ್ಚು ಸುಮಾರು 11 ಲಕ್ಷ ಪೌಂಡ್, ಅಂದ್ರೆ ಮೈಲಿಗೆ 68,000ಕ್ಕೂ ಮೇಲೆ. ಅದಕ್ಕೆಲ್ಲ ಗ್ಯಾರಂಟಿ ಬಡ್ಡಿಯ ಹೊಣೆ ನಮ್ಮ ಖಜಾನೆಗೆ.

ಕಥೆ ಇಲ್ಲಿಗೆ ಮುಗಿಯಲ್ಲ. 1867ರ ಜುಲೈ, ಮಳೆಗಾಲ. ಘಾಟಿಯ ದೊಡ್ಡ ಕಮಾನು ಸೇತುವೆಗಳಲ್ಲಿ ಒಂದಾದ ಮೌ-ಕಿ-ಮಲ್ಲಿ ಕುಸಿದುಬಿತ್ತು. ಹೊರಗಡೆ ಚಂದದ ಕಲ್ಲು, ಒಳಗಡೆ ಸರಿಯಾಗಿ ಕೂರಿಸದ, ಗಾರೆ ಹಿಡಿಯದ ತುಂಬು. ಆಮೇಲೆ ಜಿಐಪಿಯ ಕಲ್ಲಿನ ಕೆಲಸಗಳನ್ನೆಲ್ಲ ಪರೀಕ್ಷೆ ಮಾಡಿಸಿದಾಗ ಬೇರೆ ಕಡೆಯೂ ಹುಳುಕು ಕಂಡವು, ದುಬಾರಿ ರಿಪೇರಿ ಬಿತ್ತು. ಗಡುವಿನ ಒತ್ತಡ, ಬಿಗಿ ರೇಟು, ಕೈಯಿಂದ ಕೈಗೆ ದಾಟಿದ ಕೆಲಸ. ಕಲ್ಲುಗಾರೆಯಲ್ಲಿ ಒಳಗಿನ ತುಂಬು ಯಾರಿಗೂ ಕಾಣಲ್ಲ, ಅಳತೆಗೆ ಮಾತ್ರ ಸಿಗುತ್ತೆ. ಕೋಡ್ ಬರೆಯೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆ ಬೀಳೋ ಹೊತ್ತಿಗೆ ಕಂಟ್ರಾಕ್ಟರುಗಳ ಹಣ ಸಂದಾಯವಾಗಿ, ಅವರು ಬೇರೆ ಕಡೆ ಹೋಗಿ ಕಾಲವಾಗಿತ್ತು.

ಬೇರೆ ಕಡೆ ಅಂದ್ರೆ ಎಲ್ಲಿಗೆ? ಫೇವಿಯೆಲ್ ಹೋಗಿದ್ದು ಸಿಲೋನಿಗೆ, ಈಗಿನ ಶ್ರೀಲಂಕಾಕ್ಕೆ. ಅವನ ಈ ಮೂರನೇ ಟೆಂಡರ್ ಹೋಲಿಸಿ ನೋಡೋಕೆ ಬಹಳ ಅನುಕೂಲ. ಮನುಷ್ಯ ಅವನೇ, ಬೆಟ್ಟದ ರೈಲೇ, ಆದರೆ ಟೆಂಡರ್ ಕರೆದದ್ದು ಕಂಪನಿ ಅಲ್ಲ, ಸರ್ಕಾರ.

ಕೊಲಂಬೋದಿಂದ ಕ್ಯಾಂಡಿಗೆ ಕಾಫಿ ಸಾಗಿಸೋಕೆ ರೈಲು ಬೇಕಿತ್ತು. ಮೊದಲು ಅಲ್ಲೂ ಗ್ಯಾರಂಟಿ ಕಂಪನಿಯನ್ನೇ ತಂದರು, 1858ರಲ್ಲಿ ಗವರ್ನರ್ ಹೆನ್ರಿ ವಾರ್ಡ್ ಮೊದಲ ಗುದ್ದಲಿ ಹಾಕಿದ. ಎಂಟೂವರೆ ಲಕ್ಷ ಪೌಂಡ್ ಆಸುಪಾಸಿನಲ್ಲಿದ್ದ ಅಂದಾಜು ಕಂಪನಿಯ ಎಂಜಿನಿಯರ್ ಕೈಯಲ್ಲಿ 22 ಲಕ್ಷಕ್ಕೆ ಹೋಯ್ತು. ವಸಾಹತು ಸರ್ಕಾರ ಹೌಹಾರಿ 1861ರಲ್ಲಿ ಕಂಪನಿಗೆ ಲೆಕ್ಕ ಚುಕ್ತಾ ಮಾಡಿ ಹೊರಗೆ ಕಳಿಸಿತು. ಆಮೇಲೆ ತಾನೇ ಟೆಂಡರ್ ಕರೆಯಿತು. ಫೇವಿಯೆಲ್ ಸುಮಾರು 8.7 ಲಕ್ಷ ಪೌಂಡಿಗೆ ಹಿಡಿದ. ಸರ್ಕಾರದ ಕಡೆಯಿಂದ ಗಿಲ್ಫರ್ಡ್ ಮೋಲ್ಸ್‌ವರ್ತ್ ಮುಖ್ಯ ಎಂಜಿನಿಯರ್. 1867ಕ್ಕೆ, ಅಂದ್ರೆ ಭೋರ್ ಘಾಟಿನಲ್ಲಿ ಸೇತುವೆ ಬಿದ್ದ ವರ್ಷವೇ, ಕ್ಯಾಂಡಿಗೆ ರೈಲು ಮುಟ್ಟಿತು. ಕಡುಗನ್ನಾವ ಘಾಟಿಯ 45ಕ್ಕೆ 1ರ ಏರು ಸೇರಿ.

ಭೋರ್ ಘಾಟಿನಲ್ಲಿ ಸೋತವನು ಇಲ್ಲಿ ಹೇಗೆ ಗೆದ್ದ? ಒಂದು, ಹಾದಿ ಅಷ್ಟು ಕ್ರೂರವಾಗಿರಲಿಲ್ಲ. ಎರಡು, ಬೆಟ್ಟದಲ್ಲಿ ಏನೇನು ತಪ್ಪಬಹುದು ಅನ್ನೋದನ್ನು ಕಲಿತುಕೊಂಡೇ ಅವನು ರೇಟು ಹಾಕಿದ್ದ. ಆ ಕಲಿಕೆಯ ಫೀಸು ಖಂಡಾಲದಲ್ಲಿ ಬೇರೆಯವರು ಕಟ್ಟಿದ್ದರು. ಮೂರನೆಯದು ನನಗೆ ಮುಖ್ಯ ಅನ್ನಿಸೋದು: ದುಡ್ಡು ತೆರುವವನೇ ಅಳೆಯುವವನೂ ಆಗಿದ್ದ. ಜಿಐಪಿಯಲ್ಲಿ ಅಳೆಯೋನು ಕಂಪನಿಯ ಎಂಜಿನಿಯರ್, ಅವನ ಮೇಲೆ ಸರ್ಕಾರದ ಎಂಜಿನಿಯರ್, ಕಂಪನಿಗೋ ಖರ್ಚು ಹೆಚ್ಚಾದರೂ ಬಡ್ಡಿ ಬರುತ್ತೆ. ಸಿಲೋನಿನಲ್ಲಿ ಕಾಫಿ ತೋಟದವರ ಸುಂಕದ ದುಡ್ಡು, ಅವರೇ ಅಲ್ಲಿ ಕೂತು ಕಿರುಚ್ತಾ ಇದ್ದರು. ಕೂಲಿಯವರ ಪಾಡು ಅಲ್ಲಿ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಟೆಂಡರ್ ಅನ್ನೋ ಸಾಧನ ಒಂದೇ ಆದರೂ, ಅದರ ಹಿಂದೆ ಯಾರ ಜೇಬಿದೆ ಅನ್ನೋದರ ಮೇಲೆ ಫಲ ಬೇರೆಯಾಯ್ತು ಅಂತಷ್ಟೇ.

ಭಾರತದಲ್ಲೂ ಗ್ಯಾರಂಟಿ ಬಗ್ಗೆ ಅಸಮಾಧಾನ ಹೆಚ್ಚಿ, 1869ರ ನಂತರ ಸರ್ಕಾರವೇ ನೇರ ಸಾಲ ತಂದು ರೈಲು ಕಟ್ಟೋಕೆ ಇಳೀತು. ಇಂಗ್ಲೆಂಡಿನ ದೊಡ್ಡ ಕಂಟ್ರಾಕ್ಟರ್ ಬದಲು ಸರ್ಕಾರಿ ಎಂಜಿನಿಯರ್ ಮೇಲೆ, ಅವನ ಕೆಳಗೆ ಸಣ್ಣ ಸಣ್ಣ ಗುತ್ತಿಗೆದಾರರು ಅನ್ನೋ ಪದ್ಧತಿ ಹೆಚ್ಚಾಯ್ತು. ನಮ್ಮ ಬೆಂಗಳೂರು–ಮೈಸೂರು ಲೈನ್ ಈ ಕಾಲದ್ದೇ. 1877ರಲ್ಲಿ, ಆ ಭೀಕರ ಬರದ ನಡುವೆ, ಹಸಿದವರಿಗೆ ಕೂಲಿ ಸಿಗಲಿ ಅಂತ ಮೈಸೂರು ಸರ್ಕಾರದ ದುಡ್ಡಿನಲ್ಲೇ ಮೀಟರ್ ಗೇಜ್ ಹಾದಿ ಶುರು ಮಾಡಿದರು. 1882ಕ್ಕೆ ರೈಲು ಮೈಸೂರು ಮುಟ್ಟಿತು. ಆಮೇಲೆ ಮುಂದಿನ ಲೈನುಗಳಿಗೆ ದುಡ್ಡು ಸಾಲದೆ, 1886ರಲ್ಲಿ ಆ ಹಾದಿಯನ್ನೇ ಸದರ್ನ್ ಮರಾಠಾ ರೈಲ್ವೆ ಅನ್ನೋ ಕಂಪನಿಗೆ ವಹಿಸಿದರು. ಶೇಕಡ 4ರ ಬಡ್ಡಿಯ ಹೊಣೆ ಹೊತ್ತು ಲಂಡನ್ನಿನಲ್ಲಿ ಸಾಲ ಎತ್ತಿದರು. ಆ ಒಪ್ಪಂದದಲ್ಲಿ ಮೈಸೂರಿಗೆ ಲಾಭ ಆಯ್ತಾ ನಷ್ಟ ಆಯ್ತಾ ಅನ್ನೋದು ಇನ್ನೊಂದು ದೊಡ್ಡ ಕಥೆ, ಅದಕ್ಕೇ ಬೇರೆ ವಿಡಿಯೋ ಮಾಡ್ತೀನಿ.